ಕುಲುಮೆಯ ಬಾಗಿಲು

(ಬಾನುಲಿ ಭಾಷಣ)

ಬಾಗಿಲು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮನೆಯ ಬಾಗಿಲು. ಅದಕ್ಕೊಂದು ಹೊಸ್ತಿಲು, ಹೊಸ್ತಿಲ ಮುಂದೆ ರಂಗೋಲಿ, ಹಬ್ಬ ಬಂದರೆ ಮೇಲೊಂದು ಮಾವಿನ ತೋರಣ, ರಾತ್ರಿಯಾದರೆ ಒಳಗಿನಿಂದ ಅಗುಳಿ. ಅದನ್ನು ತೆರೆಯಲು ಮಗುವಿನ ಕೈ ಸಾಕು. ನಮ್ಮ ಸಾಹಿತ್ಯದಲ್ಲಿಯೂ ಬಾಗಿಲಿಗೆ ಬರವಿಲ್ಲ. ದಾಸರಿಂದ ಮೊದಲುಗೊಂಡು ನವ್ಯರವರೆಗೆ ಅದನ್ನು ತಟ್ಟದವರು ವಿರಳ. ನಾನು ಇಂದು ಹೇಳಹೊರಟಿರುವುದು ಯಾವ ಕವಿಯೂ ತಟ್ಟಿರಲಾರದ ಒಂದು ಬಾಗಿಲನ್ನು ಕುರಿತು. ಅದಕ್ಕೆ ತೋರಣವಿಲ್ಲ. ಅದು ಪಕ್ಕಕ್ಕೆ ತಿರುಗುವುದಿಲ್ಲ, ಮೇಲಕ್ಕೆ ಏಳುತ್ತದೆ. ಅದರ ತೂಕ ಒಂದೂವರೆ ಟನ್ನು. ಅದರ ಆಚೆಗಿರುವುದು ೮೫೦ ಡಿಗ್ರಿಯ ಬೆಂಕಿ. ಅಂಥ ಬಾಗಿಲನ್ನು ಒಬ್ಬ ಮನುಷ್ಯ, ವಿದ್ಯುತ್ತಿನ ನೆರವಿಲ್ಲದೆ, ತನ್ನ ಎರಡು ಕೈಗಳಿಂದಲೇ ಎತ್ತಬೇಕು. ಹೇಗೆ ಎತ್ತಬೇಕು ಎಂಬುದು ನನ್ನ ಮಾತಿನ ಮೊದಲ ಭಾಗ. ಕೈ ಬಿಟ್ಟರೆ ಏನಾಗಬೇಕು ಎಂಬುದು ಎರಡನೆಯ ಭಾಗ.

ಕುಲುಮೆ ಎಂದರೆ ಹಳ್ಳಿಯಲ್ಲಿ ಬೆಳೆದವರಿಗೆ ಕಮ್ಮಾರನ ತಿದಿ ನೆನಪಾಗುತ್ತದೆ. ೧೯೨೩ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಹರಿಯತೊಡಗಿದ ಮೇಲೆ, ಆಕಾಶದೆತ್ತರಕ್ಕೆ ನಿಂತ ಊದುಕುಲುಮೆಯ ಚಿತ್ರವೂ ಕನ್ನಡಿಗರ ಮನಸ್ಸಿನಲ್ಲಿ ಸೇರಿಕೊಂಡಿತು. ನಾನು ಹೇಳುವ ಕುಲುಮೆ ಈ ಎರಡೂ ಅಲ್ಲ. ಅದು ಒಂದು ದೊಡ್ಡ ಕೋಣೆಯಷ್ಟಿರುವ ಇಟ್ಟಿಗೆಯ ಪೆಟ್ಟಿಗೆ. ಉಕ್ಕಿನ ಬಿಡಿಭಾಗಗಳನ್ನು ಅದರೊಳಗಿಟ್ಟು ಗಂಟೆಗಟ್ಟಲೆ ಕಾಯಿಸಿ, ಕೆಂಪಗಿರುವಾಗಲೇ ಹೊರಗೆಳೆದು ಎಣ್ಣೆಯಲ್ಲಿ ಅದ್ದುತ್ತಾರೆ. ಉಕ್ಕು ಗಡಸಾಗುವುದು ಆ ಅದ್ದುವಿಕೆಯಲ್ಲಿ. ತಡವಾದರೆ ಹದ ಕೆಟ್ಟಿತು. ಕುಲುಮೆಯೊಳಗೇ ಮೆಲ್ಲನೆ ತಣಿದ ಉಕ್ಕು ಗಡಸಾಗುವ ಬದಲು ಮೆತ್ತಗಾಗುತ್ತದೆ. ಅದನ್ನು ಮತ್ತೆ ಕಾಯಿಸಬೇಕು. ಎಣ್ಣೆಯೂ ದಂಡ, ಉಕ್ಕಿನ ಮೇಲ್ಮೈಯೂ ಇನ್ನಷ್ಟು ಸುಡುತ್ತದೆ. ಹೀಗಾಗಿ ಇಂಥ ಕುಲುಮೆಯಲ್ಲಿ ಬಾಗಿಲು ತೆರೆಯುವ ಗಳಿಗೆಯೇ ಮುಹೂರ್ತ.

ಆ ಗಳಿಗೆಗೆ ಸರಿಯಾಗಿ ವಿದ್ಯುತ್ತು ಹೋದರೆ? ೧೯೮೦ರ ದಶಕದ ಮೊದಲ ವರ್ಷಗಳನ್ನು ಕಂಡವರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ೧೯೮೫ರಲ್ಲಿ ಚಾಲನೆಗೊಳ್ಳುವವರೆಗೆ ಕರ್ನಾಟಕದ ವಿದ್ಯುತ್ತೆಲ್ಲ ಬಹುಮಟ್ಟಿಗೆ ನೀರಿನಿಂದಲೇ ಬರಬೇಕಾಗಿತ್ತು. ಮಲೆನಾಡಿನಲ್ಲಿ ಮಳೆ ಹಿಂದೆಗೆದರೆ ಬಯಲುಸೀಮೆಯ ಕಾರ್ಖಾನೆಯಲ್ಲಿ ಮೋಟಾರು ನಿಲ್ಲುತ್ತಿತ್ತು. ನಾನು ಆಗ ಒಂದು ಕಾರ್ಖಾನೆಯ ನಕ್ಷಾ ವಿಭಾಗದಲ್ಲಿದ್ದೆ. ಅಲ್ಲಿನ ಕುಲುಮೆಯ ಬಾಗಿಲನ್ನು ಮೋಟಾರು ಎತ್ತುತ್ತಿತ್ತು. ವಿದ್ಯುತ್ತು ಹೋದಾಗ ಒಳಗಿನ ಗಾಡಿಯನ್ನು ಹಳಿಯ ಮೇಲೆ ನಾಲ್ವರು ಸೇರಿ ಎಳೆದುಕೊಳ್ಳಬಹುದಾಗಿತ್ತು, ಬಾಗಿಲನ್ನೇನು ಮಾಡುವುದು? ತೊಲೆಗೆ ಚೈನ್ ಪುಲ್ಲಿ ತೂಗಿಹಾಕಿ, ಕೆಳಗಿನಿಂದ ಹಾರೆಗಳಲ್ಲಿ ಮೀಟಿ, ಹೇಗೋ ಎತ್ತುತ್ತಿದ್ದರು. ಒಂದು ಸಂಜೆ ಹಾಗೆ ಎತ್ತುವಾಗ ಬಾಗಿಲು ಓರೆಯಾಗಿ ತೋಡಿನಲ್ಲಿ ಸಿಕ್ಕಿಕೊಂಡಿತು. ಮರುಕ್ಷಣ ಬಿಡಿಸಿಕೊಂಡು ಒಂದು ಗೇಣು ಕೆಳಗೆ ಬಿತ್ತು. ಒಂದೇ ಗೇಣು. ಅಷ್ಟರಲ್ಲಿ ಒಬ್ಬ ಹೆಲ್ಪರ್ ಹುಡುಗನ ಬಲಗೈಯ ಎರಡು ಬೆರಳುಗಳು ಹೋದವು. ಮರುವಾರ ಆ ಬಾಗಿಲಿಗೆ ಕೈಯಿಂದಲೇ ನಡೆಯುವ ಎತ್ತುವ ಸಾಧನವೊಂದನ್ನು ರಚಿಸುವ ಕೆಲಸ ನನ್ನ ಮೇಜಿಗೆ ಬಂತು.

ಮೊದಲು ತೂಕದ ಲೆಕ್ಕ. ಬಾಗಿಲಿನ ಅಗಲ ೧.೮ ಮೀಟರು, ಎತ್ತರ ೧.೫ ಮೀಟರು. ಹೊರಗೆ ಉಕ್ಕಿನ ಚೌಕಟ್ಟು, ಒಳಗೆ ೨೩ ಸೆಂಟಿಮೀಟರು ದಪ್ಪದ ಬೆಂಕಿ ಇಟ್ಟಿಗೆ. ಇಟ್ಟಿಗೆಯ ತೂಕವೇ ಸುಮಾರು ೧,೨೦೦ ಕಿಲೋ; ಚೌಕಟ್ಟು, ಬೋಲ್ಟು ಎಲ್ಲ ಸೇರಿ ೩೦೦ ಕಿಲೋ. ಅಂದರೆ ಬಾಗಿಲಿನ ಭಾರದಲ್ಲಿ ಐದರಲ್ಲಿ ನಾಲ್ಕು ಪಾಲು ಬಾಗಿಲೇ ಅಲ್ಲ, ಬೆಂಕಿಯನ್ನು ತಡೆಯುವ ಗೋಡೆ. ಗೋಡೆಯನ್ನೇ ಎತ್ತಿ ಇಳಿಸಬೇಕಾಗಿದೆ ಎಂದರೂ ಸರಿಯೆ.

ಇನ್ನು ಮನುಷ್ಯನ ಲೆಕ್ಕ. ಆರೋಗ್ಯವಂತನಾದ ಒಬ್ಬ ಆಳು, ಏದುಸಿರು ಬಿಡದೆ, ಸ್ವಲ್ಪ ಹೊತ್ತು ಒಂದೇ ಸಮನೆ ಕೊಡಬಲ್ಲ ಶಕ್ತಿ ಸುಮಾರು ೭೫ ವ್ಯಾಟು. ಒಂದು ಕುದುರೆಯ ಶಕ್ತಿಯ ಹತ್ತನೆಯ ಒಂದು ಪಾಲು. ಒಂದೂವರೆ ಟನ್ನನ್ನು ೧.೨ ಮೀಟರು ಎತ್ತಲು ಅವನಿಗೆ, ಯಂತ್ರದಲ್ಲಿ ಎಳ್ಳಷ್ಟೂ ಘರ್ಷಣೆಯಿಲ್ಲದಿದ್ದರೂ, ನಾಲ್ಕು ನಿಮಿಷ ಬೇಕು. ಘರ್ಷಣೆಯಿಲ್ಲದ ಯಂತ್ರ ಪುಸ್ತಕದಲ್ಲಿ ಮಾತ್ರ ಉಂಟು. ನಿಜವಾದ ಗೇರುಗಳ ಮೂಲಕ ಎತ್ತಿದರೆ ಹತ್ತು ನಿಮಿಷವೂ ಆದೀತು. ಗೇರಿನ ಹಲ್ಲುಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಿ ಬಲವನ್ನು ಕಡಿಮೆ ಮಾಡಬಹುದು; ಆದರೆ ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಲೇಬೇಕು. ಪ್ರಕೃತಿ ಈ ವ್ಯವಹಾರದಲ್ಲಿ ಕಾಸನ್ನೂ ಬಿಡುವ ಶೆಟ್ಟಿಯಲ್ಲ.

ಹತ್ತು ನಿಮಿಷವಾದರೆ ಆಗಲಿ ಎನ್ನುವಂತಿಲ್ಲ. ೮೫೦ ಡಿಗ್ರಿಯ ಕುಲುಮೆಯ ತೆರೆದ ಬಾಯಿ ಪ್ರತಿ ಚದರ ಮೀಟರಿಗೆ ಸುಮಾರು ೯೦ ಕಿಲೋವ್ಯಾಟು ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ. ನಡುಹಗಲ ಬಿಸಿಲು ನಮ್ಮ ಮೇಲೆ ಸುರಿಸುವುದು ಚದರ ಮೀಟರಿಗೆ ಒಂದು ಕಿಲೋವ್ಯಾಟು. ನಮ್ಮ ಕುಲುಮೆಯ ಬಾಯಿ ೧.೮ ಚದರ ಮೀಟರು; ಪೂರ್ತಿ ತೆರೆದಾಗ ಹೊರಬೀಳುವುದು ೧೬೦ ಕಿಲೋವ್ಯಾಟು, ಎಂದರೆ ಸ್ನಾನದ ಮನೆಯ ಎಂಬತ್ತು ಗೀಸರುಗಳ ಶಾಖ. ಬಾಗಿಲು ಎತ್ತುವವನು ಇದರೆದುರಿಗೆ, ಓರೆಯಾಗಿಯಾದರೂ, ನಿಲ್ಲಬೇಕು. ಅವನನ್ನು ಅಲ್ಲಿ ಹತ್ತು ನಿಮಿಷ ನಿಲ್ಲಿಸುವ ಯಂತ್ರವನ್ನು ಯಂತ್ರವೆಂದು ಕರೆಯಲಾಗದು.

ಇದಕ್ಕೆ ಉತ್ತರ ಹೊಸದೇನಲ್ಲ. ನಮ್ಮ ಹಿರಿಯರ ಬಾವಿಕಟ್ಟೆಯಲ್ಲೇ ಇತ್ತು. ಏತವನ್ನು ನೀವು ಕಂಡಿರಬಹುದು, ಕಾಣದಿದ್ದರೂ ಕೇಳಿರಬಹುದು. ಉದ್ದನೆಯ ಮರದ ಒಂದು ತುದಿಯಲ್ಲಿ ನೀರಿನ ಬಾನಿ. ಇನ್ನೊಂದು ತುದಿಗೆ ಕೆಲವೆಡೆ ಕಲ್ಲು ಕಟ್ಟುತ್ತಿದ್ದರು. ಕೆಲವೆಡೆ ಮನುಷ್ಯನೇ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ತನ್ನ ಮೈತೂಕವನ್ನೇ ಕಲ್ಲಾಗಿಸುತ್ತಿದ್ದ. ಈಜಿಪ್ಟಿನ ರೈತನೂ ನೈಲ್ ನದಿಯ ದಂಡೆಯಲ್ಲಿ ಇದನ್ನೇ ಮಾಡಿದ. ಭಾರವನ್ನು ಭಾರವೇ ಎತ್ತಲಿ, ಮನುಷ್ಯ ತನ್ನ ಇಚ್ಛೆಯನ್ನಷ್ಟೇ ತಿಳಿಸಲಿ ಎಂಬುದು ಏತದ ತತ್ತ್ವ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂದು ಒಂದಾಗದ ಸಂಸಾರವನ್ನು ಕುರಿತು ನಾವು ಗಾದೆ ಹೇಳುತ್ತೇವೆ. ಯಂತ್ರಶಾಸ್ತ್ರದಲ್ಲಿ ಈ ವಿರಸವೇ ಸರಸ. ಬಾಗಿಲು ಕೆಳಗೆಳೆಯಲಿ, ರಾಟೆಯ ಆಚೆ ಬದಿಯಲ್ಲಿ ಅಷ್ಟೇ ಭಾರದ ಎರಕದ ಹಲಗೆಗಳನ್ನು ತೂಗುಬಿಟ್ಟರೆ ಅವೂ ಕೆಳಗೇ ಎಳೆಯಲಿ. ಇಬ್ಬರ ಜಗಳದಲ್ಲಿ ಮೂರನೆಯವನಾದ ಮನುಷ್ಯನಿಗೆ ಕೆಲಸ ಹಗುರವಾಯಿತು. ಇದನ್ನು ಕಾರ್ಖಾನೆಯಲ್ಲಿ ಕೌಂಟರ್‌ವೇಟ್ ಎನ್ನುತ್ತಾರೆ. ನಾವು ಎದುರುತೂಕ ಎನ್ನೋಣ.

ಎದುರುತೂಕ ಎಷ್ಟಿರಬೇಕು? ಸರಿಸಮವಾಗಿರಲಿ ಎಂದು ತೋರುವುದು ಸಹಜ. ಆದರೆ ಸರಿಸಮವಾದ ತಕ್ಕಡಿ ಯಾವ ಕಡೆಗೆ ವಾಲೀತೆಂದು ಹೇಳಬಲ್ಲವರಾರು? ಬಾಗಿಲಿಗೆ ತನ್ನದೇ ಆದ ಒಂದು ಒಲವು ಇರಬೇಕು, ಆ ಒಲವು ಮುಚ್ಚುವ ಕಡೆಗೆ ಇರಬೇಕು. ಆದುದರಿಂದ ೧,೫೦೦ ಕಿಲೋ ಬಾಗಿಲಿಗೆ ೧,೪೨೫ ಕಿಲೋ ಎದುರುತೂಕ ಇಟ್ಟೆವು. ನೂರಕ್ಕೆ ೯೫ರ ಪ್ರಮಾಣ. ಉಳಿದ ೭೫ ಕಿಲೋ, ಜೊತೆಗೆ ರಾಟೆ ಮತ್ತು ತೋಡುಗಳ ಘರ್ಷಣೆ ಇನ್ನೊಂದು ಅಷ್ಟೇ ಎಂದುಕೊಂಡರೂ, ಮನುಷ್ಯನ ಪಾಲಿಗೆ ಬಂದದ್ದು ಒಂದೂವರೆ ಕ್ವಿಂಟಲು. ಟನ್ನುಗಳ ಮಾತು ಕ್ವಿಂಟಲಿಗೆ ಇಳಿಯಿತು.

ನಕ್ಷೆ ಇಷ್ಟಕ್ಕೆ ಬಂದಿದ್ದಾಗ ಅದನ್ನು ಕುಲುಮೆಯ ಮೇಸ್ತ್ರಿಗಳ ಬಳಿಗೆ ಒಯ್ದೆ. ಅವರು ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಬೆಂಕಿಯ ಬಣ್ಣ ನೋಡಿ ಡಿಗ್ರಿ ಹೇಳುತ್ತಿದ್ದರು. ಕಾಗದವನ್ನು ದೂರ ಹಿಡಿದು ನೋಡಿ, ಎರಡು ತೂಕಗಳ ಮೇಲೆ ಬೆರಳಾಡಿಸಿ ಹೇಳಿದರು:

“ಸಾರ್, ಎತ್ತೋದಕ್ಕೆ ನಾವು ಹೆಂಗೋ ಮಾಡ್ಕೋತೀವಿ. ಕೈ ಬಿಟ್ರೆ ಏನಾಗ್ತದೆ, ಅದನ್ನ ಮೊದಲು ಬರ್ಕೊಳಿ.”

“ಕೈ ಯಾಕೆ ಬಿಡ್ತೀರಿ, ಮೇಸ್ತ್ರಿಗಳೇ?” ಎಂದೆ.

“ಬೇಕು ಅಂತ ಯಾರು ಬಿಡ್ತಾರೆ ಸಾರ್? ಬೆವರು ಕಣ್ಣಿಗಿಳೀತದೆ. ಸರಪಣಿ ಕಾದಿರ್ತದೆ. ಹಿಂದಿಂದ ಯಾರೋ ಕೂಗ್ತಾರೆ.”

ಈ ಮಾತು ಆ ನಕ್ಷೆಯನ್ನು ತಿರುಗಿಸಿಬಿಟ್ಟಿತು. ಯಂತ್ರವನ್ನು ರಚಿಸುವವನು ಸಾಮಾನ್ಯವಾಗಿ ಅದು ನಡೆಯುವುದನ್ನು ಕುರಿತು ಯೋಚಿಸುತ್ತಾನೆ. ಅದರ ಎದುರಿಗೆ ನಿಲ್ಲುವವನು ಅದು ತಪ್ಪುವುದನ್ನು ಕುರಿತು ಯೋಚಿಸುತ್ತಾನೆ. ಅವನಿಗೆ ಬೆರಳುಗಳಿವೆ.

ಕೈ ಬಿಟ್ಟರೆ ಬಾಗಿಲು ಎಲ್ಲಿತ್ತೋ ಅಲ್ಲಿಯೇ ನಿಲ್ಲಬೇಕು: ಇದು ಮೊದಲ ನಿಯಮವಾಯಿತು. ಇದನ್ನು ಪಾಲಿಸುವ ಒಂದು ಹಳೆಯ ಗೇರು ಉಂಟು, ವರ್ಮ್ ಗೇರು. ಸ್ಕ್ರೂವಿನಂತೆ ಸುರುಳಿ ಕೊರೆದ ಒಂದು ದಂಡ, ಅದಕ್ಕೆ ಕಚ್ಚಿಕೊಂಡ ಒಂದು ಹಲ್ಲಿನ ಚಕ್ರ. ದಂಡವನ್ನು ತಿರುಗಿಸಿದರೆ ಚಕ್ರ ತಿರುಗುತ್ತದೆ. ಸುರುಳಿಯ ಏರು ಸಾಕಷ್ಟು ಚಪ್ಪಟೆಯಾಗಿದ್ದರೆ, ಚಕ್ರ ಎಷ್ಟು ಒತ್ತಿದರೂ ದಂಡ ತಿರುಗುವುದಿಲ್ಲ. ಘರ್ಷಣೆ ಅದನ್ನು ಹಿಡಿದುಬಿಡುತ್ತದೆ. ವೀಣೆಯ ಬಿರಡೆಯನ್ನು ನೆನೆದುಕೊಳ್ಳಿ. ವೈಣಿಕ ತಿರುಗಿಸಿ ಕೈ ತೆಗೆದಲ್ಲೇ ಅದು ನಿಲ್ಲುತ್ತದೆ. ತಂತಿ ಎಷ್ಟೇ ಎಳೆದರೂ ಘರ್ಷಣೆ ಶ್ರುತಿಯನ್ನು ಕಾಯುತ್ತದೆ. ಆದರೆ ಈ ಸೌಕರ್ಯಕ್ಕೆ ಬೆಲೆಯಿದೆ. ಹೀಗೆ ಹಿಂದಿರುಗದ ಗೇರು ನಾವು ಕೊಟ್ಟ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ತಿನ್ನುತ್ತದೆ. ಎದುರುತೂಕವಿಲ್ಲದೆ ಇದನ್ನು ಬಳಸಿದ್ದರೆ ಅದೇ ಹತ್ತು ನಿಮಿಷದ ಕಥೆ. ಎದುರುತೂಕವಿದ್ದುದರಿಂದ, ೧೫ ಕಿಲೋ ಎಳೆತದಲ್ಲಿ ಕೈಸರಪಣಿಯನ್ನು ಸುಮಾರು ೩೦ ಮೀಟರು ಎಳೆದರೆ ಬಾಗಿಲು ೧.೨ ಮೀಟರು ಏರುತ್ತಿತ್ತು. ಒಂದು ನಿಮಿಷದ ಕೆಲಸ. ಕೈಸರಪಣಿ ಇಳಿದದ್ದು ಕುಲುಮೆಯ ಬಾಯಿಯ ಎದುರಿಗಲ್ಲ, ಪಕ್ಕದ ಕಂಬದ ಮರೆಯಲ್ಲಿ.

ಆ ಒಂದು ನಿಮಿಷದಲ್ಲಿ ಕಷ್ಟವೆಲ್ಲ ಮೊದಲ ಅಂಗುಲದ್ದು. ಬೆಂಕಿ ಸೋರದಂತೆ ಬಾಗಿಲು ಚೌಕಟ್ಟಿಗೆ ಒತ್ತಿಕೊಂಡಿರಬೇಕು. ಅದಕ್ಕಾಗಿ ತೋಡುಗಳನ್ನು ನೆಟ್ಟಗೆ ನಿಲ್ಲಿಸದೆ ಕೆಲವು ಡಿಗ್ರಿ ಓರೆಯಾಗಿಸುತ್ತಾರೆ. ಬಾಗಿಲು ತನ್ನ ಭಾರದಿಂದಲೇ ಚೌಕಟ್ಟಿಗೆ ಒರಗುತ್ತದೆ. ಒರಗಿದ್ದು, ಕಿಟ್ಟ ಹಿಡಿದು ಅಂಟಿಕೊಂಡಿದ್ದು, ಬಿಡಿಸಿಕೊಳ್ಳುವಾಗ ಹಟ ಮಾಡುತ್ತದೆ. ಒಮ್ಮೆ ಬಿಟ್ಟಿತೆಂದರೆ ಮುಂದಿನದೆಲ್ಲ ಸಲೀಸು. ಆದುದರಿಂದ ಇಂಥ ಸಾಧನದ ಬಲವನ್ನು ಬಾಗಿಲಿನ ತೂಕದಿಂದ ಅಳೆದರೆ ಸಾಲದು. ಅದರ ಹಟದಿಂದ ಅಳೆಯಬೇಕು.

ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದುದು. ಕೈ ಬಿಡುವುದಿರಲಿ, ಸರಪಣಿಯೇ ಬಿಟ್ಟರೆ? ಬಾಗಿಲು ಏರುತ್ತಿದ್ದಂತೆ ಕುಲುಮೆಯ ಜ್ವಾಲೆ ಹೊರಬಂದು ನೇರವಾಗಿ ಮೇಲಕ್ಕೆ ಹಾಯುತ್ತದೆ. ಅಲ್ಲಿಯೇ ಸರಪಣಿ ಇರುವುದು. ಸೆಣಬಿನ ತಿರುಳಿರುವ ಉಕ್ಕಿನ ಹಗ್ಗವನ್ನು ಅಲ್ಲಿ ಕಟ್ಟಿದರೆ ತಿರುಳು ಒಣಗಿ ಕರಿಯಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ರಾಟೆಗೆ ಹಚ್ಚಿದ ಗ್ರೀಸು ಕರಗಿ ಹರಿದುಹೋಗುತ್ತದೆ. ಆದ್ದರಿಂದ ಹಗ್ಗ ಬಿಟ್ಟು ಸರಪಣಿ ಹಾಕಿದೆವು. ರಾಟೆಗಳನ್ನು ಬಾಯಿಯ ನೇರದಿಂದ ಎರಡೂ ಪಕ್ಕಗಳಿಗೆ ಸರಿಸಿದೆವು. ಎರಡು ಮೂಲೆಗಳಿಗೆ ಎರಡು ಸರಪಣಿ. ಒಂದೊಂದೂ ಇಡೀ ಬಾಗಿಲನ್ನು ತಾನೊಂದೇ ಹೊರಬಲ್ಲಷ್ಟು ಬಲವಾದುದು.

ಎರಡೂ ತುಂಡಾದರೆ ಎಂಬ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಎಲಿಷಾ ಓಟಿಸ್ ಕೊಟ್ಟು ಬಹಳ ಕಾಲವಾಗಿದೆ. ೧೮೫೪ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಅವನು ಲಿಫ್ಟಿನ ಅಟ್ಟದ ಮೇಲೆ ತಾನೇ ನಿಂತು, ತನ್ನನ್ನು ಹಿಡಿದಿದ್ದ ಹಗ್ಗವನ್ನು ಎಲ್ಲರೆದುರು ಕತ್ತರಿಸಿಸಿದ. ಅಟ್ಟ ತುಸು ಜಾರಿ ನಿಂತಿತು. ಹಗ್ಗ ಬಿಗಿಯಾಗಿರುವವರೆಗೆ ಒಂದು ಬಂಡಿಯ ಸ್ಪ್ರಿಂಗು ಬಾಗಿರುತ್ತಿತ್ತು. ಹಗ್ಗ ಸಡಿಲವಾದೊಡನೆ ಅದು ನೆಟ್ಟಗಾಗಿ, ಎರಡು ಬದಿಯ ಹಲ್ಲುಗಳಿಗೆ ಕೊಕ್ಕೆಗಳನ್ನು ದೂಡುತ್ತಿತ್ತು. ಉಪಾಯ ಅಷ್ಟೇ. ನಗರಗಳು ಆಕಾಶಕ್ಕೆ ಬೆಳೆಯಲು ಸಾಧ್ಯವಾದದ್ದು ಎತ್ತುವ ಶಕ್ತಿ ಹೆಚ್ಚಿದುದರಿಂದ ಮಾತ್ರವಲ್ಲ, ಬೀಳುವ ಭಯ ಕಡಿಮೆಯಾದುದರಿಂದ.

ಅದೇ ಉಪಾಯವನ್ನು ನಮ್ಮ ಬಾಗಿಲಿಗೆ ಇಳಿಸುವಾಗ ಒಂದು ಸ್ವಾರಸ್ಯ ಕಂಡಿತು. ಶಾಖಕ್ಕೆ ಸ್ಪ್ರಿಂಗು ಸೋಲುತ್ತದೆ. ಅದರ ಬದಲು ಒಂದು ತೂಕದ ಸನ್ನೆಯನ್ನಿಟ್ಟು ಕೊಕ್ಕೆಯನ್ನು ದೂಡಿಸಬಾರದೇಕೆ ಎಂದು ಒಬ್ಬ ಸಹೋದ್ಯೋಗಿ ಸೂಚಿಸಿದರು. ನೋಡಲು ಜಾಣತನದ ಮಾತು. ಆದರೆ ಬಾಗಿಲು ಬೀಳುವಾಗ ಆ ತೂಕವೂ ಬಾಗಿಲಿನೊಡನೆ ಬೀಳುತ್ತಿರುತ್ತದೆ. ಜೊತೆಗೆ ಬೀಳುತ್ತಿರುವವನು ಜೊತೆಯವನನ್ನು ಹಿಡಿಯಬಲ್ಲನೆ? ಸ್ಪ್ರಿಂಗೇ ಬೇಕಾಯಿತು. ಅದನ್ನು ಬಾಗಿಲಿನ ಮೇಲಂಚಿನಲ್ಲಿ, ತಗಡಿನ ಮರೆಯಲ್ಲಿ, ಶಾಖದಿಂದ ದೂರವಿಟ್ಟೆವು. ಬೆಂಕಿ ಹೊತ್ತಿಸುವ ಮುನ್ನ ಒಂದು ದಿನ ಕೆಳಗೆ ಮರದ ದಿಮ್ಮಿಗಳನ್ನು ಜೋಡಿಸಿ, ಬಾಗಿಲನ್ನು ಒಂದು ಗೇಣು ಎತ್ತಿ, ಸರಪಣಿಗಳ ಕೊಂಡಿಯನ್ನು ದೂರದಿಂದ ಕಳಚಿದೆವು. ಬಾಗಿಲು ಎರಡು ಬೆರಳಷ್ಟು ಜಾರಿ, ದೊಡ್ಡ ಸದ್ದಿನೊಡನೆ ಹಲ್ಲಿಗೆ ಕಚ್ಚಿಕೊಂಡು ನಿಂತಿತು. ದಿಮ್ಮಿ ಮುಟ್ಟಲಿಲ್ಲ. ಸರಪಣಿಯನ್ನು ಮತ್ತೆ ಕಟ್ಟಿದ ಮೇಲೆ ಮೇಸ್ತ್ರಿಗಳು ತಾವೇ ಮುಂದೆ ಬಂದು ಬಾಗಿಲನ್ನು ಅರ್ಧ ಎತ್ತಿ, ಕೈಬಿಟ್ಟು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ನೋಡುತ್ತ ನಿಂತರು.

ಹಾಗೆಂದು ಒಂದೇ ಕಾವಲನ್ನು ನಂಬಿ ಕೂರಲಿಲ್ಲ. ಪಕ್ಕದಲ್ಲಿ ಭಾರಿ ಯಂತ್ರ ನಡುಗುತ್ತಿದ್ದರೆ ವರ್ಮ್ ಗೇರೂ ಕೂದಲೆಳೆಯಷ್ಟಾಗಿ ಹಿಂದೆ ಜಾರಬಹುದು. ಆದ್ದರಿಂದ ಬಾಗಿಲು ಪೂರ್ತಿ ಏರಿದ ಮೇಲೆ ಅಡ್ಡಲಾಗಿ ತೂರಿಸುವ ಒಂದು ದಪ್ಪ ಉಕ್ಕಿನ ಪಿನ್ನು. ಮನೆಯ ಬಾಗಿಲಿನ ಅಗುಳಿ ಮುಚ್ಚಿದ್ದನ್ನು ಕಾಯುತ್ತದೆ, ಇದು ತೆರೆದದ್ದನ್ನು. ಇನ್ನು ಎದುರುತೂಕ. ನಮ್ಮ ಕಣ್ಣೆಲ್ಲ ಏರುವ ಬಾಗಿಲಿನ ಮೇಲಿರುವಾಗ, ಹಿಂದುಗಡೆ ಒಂದೂವರೆ ಟನ್ನಿಗೆ ಸಮೀಪದ ಇನ್ನೊಂದು ಭಾರ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ಅದರ ದಾರಿಯನ್ನು ನೆಲದಿಂದ ಆಳೆತ್ತರ ಮೀರಿ ತಗಡಿನಿಂದ ಮುಚ್ಚಿ, ಬುಡದಲ್ಲಿ ಮರಳು ತುಂಬಿದೆವು. ಉಪಕಾರಿಯಾದ ಭಾರವೂ ಭಾರವೇ.

ಮೂರನೆಯ ಪ್ರಶ್ನೆ ಕಾಲದ್ದು. ಮೊದಲ ದಿನ ಮಾಡಿದ ತೂಕದ ಹೊಂದಾಣಿಕೆ ಕೊನೆಯ ದಿನದವರೆಗೂ ಇರುತ್ತದೆಯೆ? ಒಂದು ಬೆಂಕಿ ಇಟ್ಟಿಗೆಯ ತೂಕ ಸುಮಾರು ೪ ಕಿಲೋ. ಕಾದು ತಣಿದು, ಕಾದು ತಣಿದು, ಇಟ್ಟಿಗೆ ಬಿರಿದು ಉದುರುತ್ತದೆ. ಹತ್ತೊಂಬತ್ತು ಇಟ್ಟಿಗೆ ಉದುರಿದರೆ ನಮ್ಮ ೭೫ ಕಿಲೋ ಅಂತರ ಮುಗಿಯಿತು. ಆಮೇಲೆ ಎದುರುತೂಕವೇ ಯಜಮಾನ. ಮುಚ್ಚುವ ಒಲವಿದ್ದ ಬಾಗಿಲು ತೆರೆಯುವ ಒಲವಿನದಾಯಿತು. ಯಾರೋ ರಿಪೇರಿಗೆಂದು ಗೇರನ್ನು ಬಿಚ್ಚಿದರೆ ಬಾಗಿಲು ತಾನಾಗಿ ಮೇಲಕ್ಕೆ ಹಾರೀತು. ಮುಂದೆ ಬೆಂಕಿ ಇಟ್ಟಿಗೆಯ ಬದಲು ಹತ್ತಿಯಂತೆ ಹಗುರವಾದ ಸೆರಾಮಿಕ್ ಫೈಬರ್ ಹೊದಿಕೆ ಬಳಕೆಗೆ ಬಂತು. ಇಟ್ಟಿಗೆಯ ಒಂದು ಘನ ಮೀಟರು ೨,೦೦೦ ಕಿಲೋ ತೂಗಿದರೆ ಇದು ೧೨೮ ಕಿಲೋ. ೧,೨೦೦ ಕಿಲೋ ಇಟ್ಟಿಗೆ ಇದ್ದಲ್ಲಿ ನೂರು ಕಿಲೋ ಒಳಗಿನ ಹೊದಿಕೆ. ಒಳ್ಳೆಯದೇ ಆಯಿತು; ಆದರೆ ಹಳೆಯ ಎದುರುತೂಕವನ್ನು ಹಾಗೆಯೇ ಬಿಟ್ಟು ಇಟ್ಟಿಗೆಯನ್ನು ಮೊದಲು ಕೀಳುವವನ ಗತಿಯೇನು? ಆದ್ದರಿಂದ ಬಾಗಿಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿ, ಎರಡು ಸಾಲು ಬರೆಸಿದೆವು: ಬಿಚ್ಚುವಾಗ ಮೊದಲು ಎದುರುತೂಕ, ಆಮೇಲೆ ಇಟ್ಟಿಗೆ, ಕಟ್ಟುವಾಗ ಮೊದಲು ಇಟ್ಟಿಗೆ, ಆಮೇಲೆ ಎದುರುತೂಕ. ನಾನು ಬರೆದುದರಲ್ಲಿ ಓದುಗರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಸಾಹಿತ್ಯವೆಂದರೆ ಬಹುಶಃ ಇದೊಂದೇ.

೧೯೪೮ರ ಕಾರ್ಖಾನೆ ಕಾಯಿದೆ ಎತ್ತುವ ಯಂತ್ರ, ಸರಪಣಿ, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪರೀಕ್ಷಿಸಬೇಕೆಂದು ವಿಧಿಸಿತ್ತು. ಕಾಯಿದೆಯ ಭಾಷೆ ಒಣ ಭಾಷೆ. ಆದರೆ ಅದರೊಳಗಿನ ತಿಳಿವಳಿಕೆ ಮೇಸ್ತ್ರಿಗಳದೇ: ಇಂದು ಹಿಡಿದಿರುವುದು ನಾಳೆಯೂ ಹಿಡಿದಿರುತ್ತದೆ ಎಂದು ನಂಬಬೇಡ, ಹೋಗಿ ನೋಡು.

ಇಂದು ದೊಡ್ಡ ಕಾರ್ಖಾನೆಗಳಲ್ಲಿ ಗುಂಡಿ ಒತ್ತಿದರೆ ಬಾಗಿಲು ಏಳುತ್ತದೆ. ವಿದ್ಯುತ್ತು ಹೋದರೆ ಜನರೇಟರು ಗುಡುಗುತ್ತದೆ. ಕೈಯಿಂದ ಎತ್ತುವ ಸಾಧನದ ಕಾಲ ಮುಗಿಯಿತಲ್ಲವೆ ಎಂದು ನೀವು ಕೇಳಬಹುದು. ಎತ್ತುವ ವಿಧಾನ ಬದಲಾಗಿರಬಹುದು. ಬೀಳುವ ವಿಧಾನ ಬದಲಾಗಿಲ್ಲ. ನಿಮ್ಮ ಬೀದಿಯ ಅಂಗಡಿಯವನು ಮುಂಜಾನೆ ಒಂದೇ ಕೈಯಲ್ಲಿ ಕಬ್ಬಿಣದ ಶಟರನ್ನು ಮೇಲಕ್ಕೆ ಸರಿಸುವುದನ್ನು ನೋಡಿರುತ್ತೀರಿ. ಅದರ ಸುರುಳಿಯೊಳಗೆ ಅಡಗಿರುವ ಸ್ಪ್ರಿಂಗುಗಳೇ ಅವನ ಎದುರುತೂಕ. ನೀವು ಹತ್ತುವ ಲಿಫ್ಟಿನ ಹಿಂದೆಯೂ ಒಂದು ಎದುರುತೂಕ ನೀವು ಏರಿದಂತೆ ಇಳಿಯುತ್ತಿರುತ್ತದೆ. ಇವುಗಳನ್ನು ಮಾಡಿದವರನ್ನು, ಕೊಂಡವರನ್ನು, ನೋಡಿಕೊಳ್ಳುವವರನ್ನು ಇದು ಎಷ್ಟು ಭಾರ ಎತ್ತುತ್ತದೆ ಎಂದು ನಾವು ಕೇಳುತ್ತೇವೆ. ಉತ್ತರವನ್ನು ಫಲಕದ ಮೇಲೆ ಬರೆದೂ ಇರುತ್ತಾರೆ. ಕೈ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿ. ಆ ಪ್ರಶ್ನೆಗೆ ಉತ್ತರವಿಲ್ಲ ಎಂದಾದರೆ, ಆ ಬಾಗಿಲ ಕೆಳಗೆ ಯಾರನ್ನೂ ನಿಲ್ಲಿಸಬೇಡಿ.